ಎರಡು ಲೀಟರಿನ ಉತ್ತರ

ತಂಬಾಕಿನ ಪೊಟ್ಟಣದ ಮೇಲೆ ಎಚ್ಚರಿಕೆ ಬರೆದಿರುತ್ತಾರೆ. ಯಾರೂ ಕೇಳದಿದ್ದರೂ ಹೇಳಿಕೊಡುವ ಚಟದವರ ಮೇಲೆ ಅಂಥದ್ದೇನೂ ಬರೆದಿರುವುದಿಲ್ಲ. ಅದಕ್ಕೇ ನನ್ನಂಥವರು ಊರ ತುಂಬ ರಾಜಾರೋಷವಾಗಿ ಓಡಾಡಿಕೊಂಡಿದ್ದೇವೆ. ಮುಧೋಳದ ಬಸ್ಸು ಎಷ್ಟು ಗಂಟೆಗೆಂದು ಒಬ್ಬರು ಇನ್ನೊಬ್ಬರನ್ನು ಕೇಳಿದರೆ ಉತ್ತರ ನಾನು ಕೊಡುತ್ತೇನೆ. ಒಮ್ಮೆ ಫ್ಯಾನು ರಿಪೇರಿಗೆ ಬಂದವನಿಗೆ ನಾನು ಎಷ್ಟು ಹೇಳಿಕೊಟ್ಟೆನೆಂದರೆ, ಅವನು ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟು ಚಹಾ ಕುಡಿಯಲು ಹೋಗಿಬಿಟ್ಟ. ಆ ಫ್ಯಾನು ಇವತ್ತಿಗೂ ಹಿಂದಕ್ಕೇ ತಿರುಗುತ್ತದೆ. "ನಿಮ್ಮನ್ನ ಯಾರ ಕೇಳ್ಯಾರ್ರಿ?" ಎಂದು ನನ್ನ ಹೆಂಡತಿ ದಿನಕ್ಕೆ ನಾಲ್ಕು ಸಲವಾದರೂ ಕೇಳುತ್ತಾಳೆ. ಆ ಒಂದು ಪ್ರಶ್ನೆಗೆ ಮಾತ್ರ ನನ್ನ ಬಳಿ ಉತ್ತರವಿಲ್ಲ.

ನಮ್ಮದು ಬನಹಟ್ಟಿ. ಮನೆಯ ಹಿಂದೆ ಎಂಟು ಪಾವರ್‌ಲೂಮು. ಮಗ್ಗಗಳ ಖಟ್‌ಖಟ್ ಸದ್ದಿನಲ್ಲಿ ಬೆಳೆದ ನಮ್ಮೂರಿನವರು ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತದೆ. ಅಂಥ ಊರಿನಲ್ಲಿದ್ದೂ ನಾನು ಒಂದು ಗುಟ್ಟನ್ನು ಇಪ್ಪತ್ತೈದು ವರ್ಷ ಕಾಪಾಡಿಕೊಂಡು ಬಂದಿದ್ದೆ. ನಾನು ಪಿಯುಸಿ ವಿಜ್ಞಾನ ಓದಿದವನು. "ಓದೋದು ಬಾಳ ಇತ್ತು, ಅಪ್ಪ ಮಗ್ಗಕ್ಕ ಕರದ್ರು, ಬಿಟ್ಟೆ" ಎಂದು ಹೆಂಡತಿಗೂ ಮಗಳಿಗೂ ಹೇಳಿಟ್ಟಿದ್ದೇನೆ. ಅಪ್ಪ ಕರೆದದ್ದು ಖರೆ. ಆದರೆ ಕರೆದದ್ದು ನಾನು ರಸಾಯನಶಾಸ್ತ್ರದಲ್ಲಿ ಫೇಲಾದ ಮರುದಿನ. ನನ್ನ ಜೊತೆಗೇ ಓದುತ್ತಿದ್ದ ಗೆಳೆಯ ಶಂಕರಪ್ಪನೂ ಅದೇ ವಿಷಯದಲ್ಲಿ ಫೇಲಾಗಿ, ಅದೇ ವಾರ ಅವರಪ್ಪನ ಮಗ್ಗಕ್ಕೆ ಬಂದ. ಪಾಪ, ಅವನ ತಲೆಗೆ ಅದು ಹತ್ತಲೇ ಇಲ್ಲ ಎಂದು ನಾನು ಆಗಾಗ ಮನಸ್ಸಿನಲ್ಲೇ ಮರುಗುವುದುಂಟು.

ಈ ಶಂಕರಪ್ಪನ ಮಗ ಸಂಗಮೇಶ, ನನ್ನ ಮಗಳು ಗೌರಿ, ಅವಳ ಗೆಳತಿ ರೇಣುಕಾ, ಮೂವರೂ ಈ ಸಲ ಎರಡನೆಯ ಪಿಯುಸಿ. ಪರೀಕ್ಷೆಗೆ ತಿಂಗಳಿರುವಾಗಿನಿಂದ ನಮ್ಮ ನೂಲಿನ ಕೋಣೆಯಲ್ಲಿ ಕೂತು ಒಟ್ಟಿಗೆ ಓದುತ್ತಿದ್ದರು. ನೇಕಾರರ ಮಕ್ಕಳಲ್ಲವೇ, ಓದನ್ನೂ ಪಾಳಿ ಮಾಡಿಕೊಂಡಿದ್ದರು. ಒಬ್ಬೊಬ್ಬರ ಪಾಳಿಗೆ ಒಂದೊಂದು ಪಾಠ. ಪಾಳಿಯವರು ಹೇಳಿಕೊಡಬೇಕು, ಉಳಿದಿಬ್ಬರು ಲೆಕ್ಕ ಬಿಡಿಸಬೇಕು, ತಪ್ಪು ಮಾಡಿದವರು ಎದ್ದು ನಿಂತು ಅದೇ ಲೆಕ್ಕವನ್ನು ಮತ್ತೆ ಎಲ್ಲರಿಗೂ ಹೇಳಿಕೊಡಬೇಕು. ಹೀಗಾಗಿ ಸಂಗಮೇಶ ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು. ಹುಡುಗ ಒಳ್ಳೆಯವನು, ಮಗ್ಗದ ಕೆಲಸದಲ್ಲಿ ಕೈ ಚುರುಕು. ಆದರೆ ರಸಾಯನಶಾಸ್ತ್ರದಲ್ಲಿ ಅರ್ಧವಾರ್ಷಿಕಕ್ಕೂ ಫೇಲು, ಪೂರ್ವಸಿದ್ಧತೆಗೂ ಫೇಲು. "ಈ ಸಲಾನೂ ಹೋತಂದ್ರ ಸಾಲಿ ಸಾಕು, ಮಗ್ಗ ಹಿಡಿ" ಎಂದು ಶಂಕರಪ್ಪ ಹೇಳಿಬಿಟ್ಟಿದ್ದ. ಸಂಗಮೇಶನಿಗೆ ಮುಂದೆ ಓದುವ ಆಸೆ. ಅದನ್ನು ಅವನು ಬಾಯಿ ಬಿಟ್ಟು ಹೇಳಿರಲಿಲ್ಲ, ಆದರೆ ನಿಂತು ನಿಂತು ಕಾಲು ನೋಯುತ್ತಿದ್ದರೂ ಒಂದು ದಿನವೂ ತಪ್ಪಿಸಿದವನಲ್ಲ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಗೌರಿಯ ಪಾಳಿ. ದ್ರಾವಣಗಳ ಪಾಠ. ನಾನು ಚುರುಮುರಿಯ ಪರಾತ ಹಿಡಿದು ಒಳಗೆ ಹೋದಾಗ ಒಂದು ಲೆಕ್ಕದ ಮೇಲೆ ಜಗಳ ನಡೆದಿತ್ತು. ಮೋಲಾರಿಟಿ ಎಂದರೆ ದ್ರಾವಣ ಎಷ್ಟು ಗಟ್ಟಿ ಎಂಬುದರ ಅಳತೆ. ಎರಡು ಮೋಲಾರಿಟಿಯ ಆಸಿಡ್ ಇದೆ, ಅದರಿಂದ ಅರ್ಧ ಮೋಲಾರಿಟಿಯ ಐನೂರು ಮಿಲಿಲೀಟರ್ ತಯಾರಿಸಬೇಕು, ಎಷ್ಟು ಆಸಿಡ್ ತಗೋಬೇಕು? ಸಂಗಮೇಶನ ಉತ್ತರ ಎರಡು ಸಾವಿರ ಮಿಲಿಲೀಟರ್ ಬಂದಿತ್ತು. "ಅರ್ಧ ಲೀಟರ್ ಮಾಡಾಕ ಎರಡ ಲೀಟರ್ ಹೆಂಗ ಹಿಡಿಸ್ತಿಯೋ?" ಎಂದು ರೇಣುಕಾ ನಗುತ್ತಿದ್ದಳು. ಸಂಗಮೇಶ ಹಟ ಬಿಡಲಿಲ್ಲ. "ಇಪ್ಪತ್ತರ ನೂಲು ದಪ್ಪ, ಅರವತ್ತರ ನೂಲು ತೆಳು ಹೌದಿಲ್ಲೋ? ನಂಬರ್ ಹೆಚ್ಚಾದಷ್ಟು ತೆಳು. ಹಂಗಂದ್ರ ಎರಡು ತೆಳು, ಅರ್ಧ ದಪ್ಪ. ತೆಳುದ್ದರಿಂದ ದಪ್ಪಂದ ಮಾಡೂದಕ್ಕ ಜಾಸ್ತಿ ಬೇಕಲ್ಲ?"

ಗೌರಿ ತಪ್ಪು ಎನ್ನುತ್ತಿದ್ದಳು, ಆದರೆ ಯಾಕೆ ತಪ್ಪೆಂದು ಥಟ್ಟನೆ ಹೇಳಲು ಅವಳಿಗೆ ಆಗುತ್ತಿರಲಿಲ್ಲ. ನಾನು ಆಗಲೇ ಪರಾತ ಇಟ್ಟು ಹೊರಬಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ನೂಲಿನ ಮಾತು ಕಿವಿಗೆ ಬಿದ್ದದ್ದೇ ನನ್ನ ಚಟ ಎದ್ದು ಕೂತಿತು. ನೂಲಿನ ನಂಬರು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಸಂಗಮೇಶ ಹೇಳೂದು ಬರೋಬ್ಬರಿ ಐತಿ" ಎಂದೆ. "ಎರಡ ಲೀಟರ್ ತಗೊಂಡು ಕುದಸಬೇಕು. ಗಾಣದಾಗ ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡೂದಿಲ್ಲೇನು? ಎರಡ ಲೀಟರ್ ಇದ್ದದ್ದು ಅರ್ಧ ಲೀಟರಿಗೆ ಇಳೀತೈತಿ, ಗಟ್ಟಿ ಆಗತೈತಿ. ಆತಲ್ಲ." ಎಷ್ಟು ಚೆನ್ನಾಗಿ ಹೇಳಿದೆನೆಂದರೆ ನನಗೇ ನನ್ನ ಮೇಲೆ ಗೌರವ ಬಂತು. "ಅಪ್ಪಾ, ನೀ ಹೋಗು" ಎಂದಳು ಗೌರಿ. ಆದರೆ ಸಂಗಮೇಶನ ಮುಖ ನೋಡಬೇಕಿತ್ತು. ರಸಾಯನಶಾಸ್ತ್ರದಲ್ಲಿ ಅವನಿಗೆ ಯಾರಾದರೂ ಸರಿ ಎಂದದ್ದು ಅದೇ ಮೊದಲು. ಮಗ್ಗದ ಕೆಲಸದವ ರಜೆ ಹಾಕಿದ್ದರಿಂದ ಅವನು ಎರಡು ತಾಸು ಅಪ್ಪನ ಜೊತೆ ನಿಲ್ಲಬೇಕಿತ್ತು. ಆ ಉತ್ತರವನ್ನು ವಹಿಯಲ್ಲಿ ಚೌಕ ಹಾಕಿ ಬರೆದುಕೊಂಡು ಖುಷಿಯಿಂದ ಎದ್ದು ಹೋದ.

ಮರುದಿನ ಬೆಳಿಗ್ಗೆ ಗೌರಿ, ರೇಣುಕಾ ದೇವರಿಗೆ ಕೈಮುಗಿದು ಹೊರಟ ಮೇಲೆ ನಾನು ಚಹಾ ಕುಡಿಯಲು ಕೂತೆ. ನನಗೆ ಸಕ್ಕರೆ ಕಾಯಿಲೆ. ನನ್ನ ಚಹಾಕ್ಕೆ ಅರ್ಧ ಚಮಚ, ಹೆಂಡತಿಯ ಚಹಾಕ್ಕೆ ಎರಡು ಚಮಚ. ಮಗಳ ಪರೀಕ್ಷೆಯ ಗಾಬರಿಯಲ್ಲಿ ಅವಳು ಕಪ್ಪು ಅದಲುಬದಲು ಮಾಡಿದ್ದಳು. ಒಂದು ಗುಟುಕು ಕುಡಿದೆ. ಪಾಕ ಕುಡಿದಷ್ಟು ಸಿಹಿ. ಎರಡು ಎಂದರೆ ಇಷ್ಟು ಸಿಹಿ, ಅರ್ಧ ಎಂದರೆ ಸಪ್ಪೆ ಎಂಬುದು ನಾಲಿಗೆಗೆ ತಿಳಿದ ಮೇಲೆ ತಲೆಗೂ ತಿಳಿಯಿತು. ಆಸಿಡ್ಡು ನೂಲಲ್ಲ. ಎರಡೇ ಗಟ್ಟಿ, ಅರ್ಧವೇ ತೆಳು. ಸ್ವಲ್ಪ ತಗೊಂಡು ನೀರು ಹಾಕಿದರೆ ಆಯಿತು. ಕುದಿಸುವ ಮಾತೇ ಇಲ್ಲ. ಕಾಗದ ಹುಡುಕಿ ಲೆಕ್ಕ ಮಾಡಿದೆ. ನೂರಾ ಇಪ್ಪತ್ತೈದು ಮಿಲಿಲೀಟರ್. ಗಡಿಯಾರ ನೋಡಿದೆ.

ಪರೀಕ್ಷೆಗೆ ಇನ್ನೂ ಅರ್ಧ ತಾಸಿತ್ತು. ಸಂಗಮೇಶನ ಫೋನನ್ನು ಪರೀಕ್ಷೆ ಮುಗಿಯುವವರೆಗೆ ಶಂಕರಪ್ಪ ಕಸಿದಿಟ್ಟುಕೊಂಡಿದ್ದ. ಶಂಕರಪ್ಪನಿಗೇ ಫೋನು ಮಾಡಿದರೆ ಮುಗಿಯುತ್ತಿತ್ತು. ನಂಬರು ತೆಗೆದೆ, ಒತ್ತಲಿಲ್ಲ. 'ನಿನ್ನ ಮಗನಿಗೆ ನಾನು ತಪ್ಪು ಹೇಳಿಕೊಟ್ಟೆ' ಎಂದು ಆ ಶಂಕರಪ್ಪನ ಮುಂದೆ ಹೇಗೆ ಹೇಳುವುದು? ಹೀಗೆ ಯೋಚಿಸುತ್ತ ಹತ್ತು ನಿಮಿಷ ಕಳೆದೆ. ಆ ಹತ್ತು ನಿಮಿಷಕ್ಕೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಕೊನೆಗೆ ಸ್ಕೂಟರ್ ಹತ್ತಿ ನಾನೇ ಓಡಿದೆ. ಪರೀಕ್ಷಾ ಕೇಂದ್ರ ಮುಟ್ಟುವಷ್ಟರಲ್ಲಿ ಕಡೆಯ ಗಂಟೆ ಹೊಡೆದು ಗೇಟು ಹಾಕಿದ್ದರು. ಪೊಲೀಸನಿಗೆ "ಒಂದ ಮಾತ ಹೇಳಿ ಬರ್ತೇನ್ರಿ" ಎಂದೆ. "ಏನ ಮಾತ್ರಿ?" ಎಂದ. ನೂರಾ ಇಪ್ಪತ್ತೈದು ಎಂದರೆ ನನ್ನನ್ನು ಹಿಡಿದು ಕೂಡಿಸುತ್ತಿದ್ದ. "ಏನಿಲ್ಲರಿ" ಎಂದು ಬೇವಿನ ಗಿಡದ ಕೆಳಗೆ ಹೋಗಿ ನಿಂತೆ. ಮೂರು ತಾಸು ನಿಂತೆ. ಆ ಲೆಕ್ಕ ಬಾರದಿರಲಿ ಎಂದು ಕಂಡ ಕಂಡ ದೇವರಿಗೆಲ್ಲ ಬೇಡಿಕೊಂಡೆ. ಬರೆಯುವವರಿಗೆ ಆ ದಿನ ನನ್ನಷ್ಟು ಬೆವರು ಬಂದಿರಲಿಕ್ಕಿಲ್ಲ.

ಗಂಟೆ ಹೊಡೆಯಿತು. ಗೌರಿ ಮೊದಲು ಬಂದಳು. "ಆ ಲೆಕ್ಕ ಬಂತೇನು?" ಎಂದೆ. "ಬಂತು. ನಾನೂ ರೇಣುಕಾನೂ ನೂರಾ ಇಪ್ಪತ್ತೈದು ಬರದೇವಿ. ನಿನ್ನೆ ನೀ ಹೋದ ಮ್ಯಾಲೆ ಬುಕ್ ತಗದು ನೋಡಿದ್ವಿ. ಸಂಗ್ಯಾ ಹೊಳ್ಳಿ ಬರಲಿಲ್ಲ, ಅವನ ಕಡೆ ಫೋನೂ ಇಲ್ಲ. ಗೇಟಿನ್ಯಾಗ ಹೇಳಬೇಕಂತ ಕಾದ್ವಿ, ಅವ ಕಡೀ ಗಂಟೀಗೆ ಓಡಿ ಬಂದ" ಎಂದಳು. ಅಷ್ಟರಲ್ಲಿ ಸಂಗಮೇಶ ನಗುನಗುತ್ತ ನನ್ನ ಹತ್ತಿರವೇ ಬಂದ. "ಕಾಕಾ, ಬಂತ್ರಿ ನಿಮ್ಮ ಲೆಕ್ಕ. ಎರಡ ಸಾವಿರ ಬರದೇನ್ರಿ. ಕುದಸಬೇಕಂತನೂ ಬರದೇನ್ರಿ." ಗೌರಿ ನನ್ನ ಕಡೆ ನೋಡಿದಳು. ನಾನು ಬೇವಿನ ಗಿಡದ ಕಡೆ ನೋಡಿದೆ.

ಅವನಿಗೆ ಸತ್ಯ ಹೇಳಿದ್ದು ಗೌರಿ, ಅದೂ ಉಳಿದ ಪರೀಕ್ಷೆಗಳು ಮುಗಿದ ಮೇಲೆ. ಫಲಿತಾಂಶದವರೆಗೂ ನನಗೆ ಅನ್ನ ಸೇರಲಿಲ್ಲ. ಮೂರು ಅಂಕದ ಪ್ರಶ್ನೆ ಅದು. ಮೂರೇ ಅಂಕಕ್ಕೆ ಹುಡುಗ ಬಿದ್ದರೆ? ಸಂಗಮೇಶ ಬೀದಿಯಲ್ಲಿ ಎದುರಾದಾಗ ಎಂದಿನಂತೆ "ಕಾಕಾ, ಆರಾಮ್ರಿ?" ಎನ್ನುತ್ತಿದ್ದ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹುಡುಗ ಪಾಸಾದ. ರಸಾಯನಶಾಸ್ತ್ರದಲ್ಲಿ ಎರಡೇ ಅಂಕ ಹೆಚ್ಚಿಗೆ ಬಂದು ದಡ ಹತ್ತಿದ್ದ. ಸಂಜೆ ಅಪ್ಪ ಮಗ ಇಬ್ಬರೂ ಪೇಢೆ ತಗೊಂಡು ಮನೆಗೆ ಬಂದರು. ನನಗೆ ಇನ್ನು ತಡೆಯಲಾಗಲಿಲ್ಲ. "ಶಂಕರಪ್ಪಾ, ಆ ಲೆಕ್ಕ ನಾ ತಪ್ಪ ಹೇಳಿಕೊಟ್ಟಿದ್ದೆ. ನಿನ್ನ ಮಗ ನನ್ನ ಸಲುವಾಗಿ ಫೇಲ ಆಗತಿದ್ದ" ಎಂದೆ. ಶಂಕರಪ್ಪ ನಕ್ಕ. ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಿದ್ದವು, ಆದರೆ ಅವನು ರೂಢಿಯ ಮೇಲೆ ಗಟ್ಟಿಯಾಗಿಯೇ ಮಾತಾಡಿದ. "ನನಗ ಗೊತ್ತಿಲ್ಲೇನೋ? ನಾ ಮೊದಲ ಇವಗ ಹೇಳಿ ಕಳಿಸಿದ್ದೆ, ಗೌರವ್ವ ಹೇಳಿದ್ದು ಬರಕೋ, ಅವರಪ್ಪ ಹೇಳಿದ್ದು ಬರಕೋಬ್ಯಾಡ ಅಂತ. ಪಿಯುಸಿದಾಗ ನನಗೂ ನೀನ ಅಲ್ಲೇನು ಹೇಳಿಕೊಟ್ಟಾಂವ? ಇದ ಕುದಸೂ ಲೆಕ್ಕಾನ. ಇಬ್ಬರೂ ಕೂಡೇ ಫೇಲ ಆದ್ವಿ."

ಚಹಾ ಹಿಡಿದು ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. ಗೌರಿ ತುಟಿ ಕಚ್ಚಿಕೊಂಡಳು. ಇಪ್ಪತ್ತೈದು ವರ್ಷ ಶಂಕರಪ್ಪನ ತಲೆಯನ್ನು ನೆನೆದು ಮರುಗಿದವನು ನಾನು. ಅವನು ಒಮ್ಮೆಯೂ ನನ್ನನ್ನು ಬೈದಿರಲಿಲ್ಲ, ಮಗನನ್ನು ನಮ್ಮ ಮನೆಗೇ ಕಳಿಸಿದ್ದ. ಮಾತು ಬದಲಿಸಲೆಂದು ಪಾಪ, ಸಂಗಮೇಶ ಕೇಳಿದ, "ಕಾಕಾ, ಮುಂದ ಯಾವ ಕೋರ್ಸ್ ತಗೊಂಡ್ರ ಛಲೋರಿ?"

ನನಗೆ ಗೊತ್ತಿತ್ತು. ಮೂರು ಕೋರ್ಸುಗಳ ಹೆಸರು ನಾಲಿಗೆಯ ತುದಿಗೇ ಬಂದಿದ್ದವು. ಬಾಯಿ ತೆರೆದೆ. ಹೆಂಡತಿ, ಮಗಳು, ಶಂಕರಪ್ಪ ಮೂವರೂ ನನ್ನನ್ನೇ ನೋಡುತ್ತಿದ್ದರು. ತೆರೆದ ಬಾಯಿಗೆ ಒಂದು ಪೇಢೆ ಹಾಕಿಕೊಂಡೆ. ಸಕ್ಕರೆ ಕಾಯಿಲೆಯವನು ಪೇಢೆ ತಿನ್ನುವುದನ್ನು ಅವತ್ತೊಂದು ದಿನ ನನ್ನ ಹೆಂಡತಿ ತಡೆಯಲಿಲ್ಲ.