ಸಿದ್ದೇಶನ ರಟ್ಟೆಯ ಹೋರಿ

ಸಿದ್ದೇಶನ ರಟ್ಟೆಯ ಮೇಲಿನ ಹೋರಿ ಆಡಾಗಿಬಿಟ್ಟಿದೆ ಎಂಬುದನ್ನು ಮೊದಲು ಕಂಡುಹಿಡಿದವಳು ಪಕ್ಕದ ಮನೆಯ ಉಚ್ಚಂಗೆವ್ವ.

ಅವತ್ತು ಬೆಳಿಗ್ಗೆ ಸಿದ್ದೇಶ ಹೊಸದಾಗಿ ಹೊಲಿಸಿದ ಅರ್ಧ ತೋಳಿನ ಅಂಗಿ ತೊಟ್ಟು ಮನೆಯ ಕಟ್ಟೆಯ ಮೇಲೆ ನಿಂತಿದ್ದ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಚೀಲ ತೂಗುವುದು ಅವನ ಕೆಲಸ. ಎಂಟು ತಿಂಗಳ ಹಿಂದೆ ಡಾಕ್ಟರು ಸಕ್ಕರೆ ಕಾಯಿಲೆಯ ಹೆಸರೆತ್ತಿ ಹೆದರಿಸಿದಾಗ ಅದೇ ಕಾಟಾದ ಮೇಲೆ ತಾನೇ ಹತ್ತಿ ನೋಡಿದ್ದ. ನೂರಾ ನಾಲ್ಕು ಕೆಜಿ! ಈಗ ಎಪ್ಪತ್ತೆಂಟು. ಒಂದು ಚೀಲ ಮೆಣಸಿನಕಾಯಿಯಷ್ಟು ಭಾರವನ್ನು ಮೈಯಿಂದ ಇಳಿಸಿದ್ದೇನೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ತಿರುಗುತ್ತಿದ್ದ. ಅಷ್ಟು ದಿನ ಹಳೆಯ ಅಂಗಿಗಳೇ ಮೊಣಕೈವರೆಗೆ ಜೋತಾಡುತ್ತಿದ್ದುದರಿಂದ ರಟ್ಟೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಸಿದ್ದೇಶಾ, ಆಡಿನ ಹಚ್ಚಿ ಯಾವಾಗ ಹಾಕಿಸಿಕೊಂಡ್ಯೋ?" ಎಂದಳು ಉಚ್ಚಂಗೆವ್ವ.

"ಆಡಲ್ಲಬೇ, ಹೋರಿ! ನಮ್ಮ ಮಾವನ ಹೋರಿ, ಭೂಕಂಪ!"

"ಹೌದ? ಮತ್ತ ಡುಬ್ಬ ಎಲ್ಲೈತಿ? ಅವು ಕೊಂಬೋ ಕಿವಿಯೋ? ಜೋತುಬಿದ್ದಾವಲ್ಲೋ."

ಹೆಂಡತಿ ನಾಗಲಕ್ಷ್ಮಿ ಹೊರಗೆ ಬಂದು ರಟ್ಟೆಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಅವ್ವ ಹೇಳೂದು ಖರೇ ಐತ್ರಿ. ಆಡೇನೋ ಆಡೇ, ಆದ್ರ ಹಾಲು ಕೊಡೂವಂಥಾದ್ದು," ಎಂದಳು.

ಸಿದ್ದೇಶ ಕತ್ತು ತಿರುಗಿಸಿ ರಟ್ಟೆ ನೋಡಿಕೊಂಡ. ಮೂರು ವರ್ಷದ ಹಿಂದೆ ಹಚ್ಚೆ ಹಾಕಿಸಿದಾಗ ಅವನ ರಟ್ಟೆ ಉಬ್ಬಿದ ಪೂರಿಯಂತಿತ್ತು. ಈಗ ಪೂರಿಯ ಗಾಳಿ ಹೋಗಿತ್ತು. ತೊಗಲು ಸಡಿಲಾಗಿ ಹೋರಿಯ ಹೆಗಲ ಮೇಲಿನ ಡುಬ್ಬ ಒಂದು ಮಡಿಕೆಯೊಳಗೆ ಅಡಗಿತ್ತು, ಕೊಂಬು ಬಾಗಿತ್ತು, ಹೊಟ್ಟೆ ಬೆನ್ನಿಗೆ ಹತ್ತಿತ್ತು. ಅದೂ ಇವತ್ತೇ ಕಾಣಬೇಕೇ!

ಇವತ್ತು ಸಂಜೆ ನಾಲ್ಕಕ್ಕೆ ಕರ್ಜಗಿಯಲ್ಲಿ ಸೋದರಮಾವ ಮೈಲಪ್ಪ ತನ್ನ ಹೋರಿ ಭೂಕಂಪದ ಹಗ್ಗವನ್ನು ಹೊಸಬನ ಕೈಗೆ ಕೊಡುವವನಿದ್ದ. ದೀಪಾವಳಿಗೆ ಹೋರಿಗಳನ್ನು ಬೆದರಿಸಿ ಓಡಿಸುವ ಸ್ಪರ್ಧೆಯಲ್ಲಿ ಆ ಹಗ್ಗ ಹಿಡಿದು ಅಖಾಡಕ್ಕೆ ಬರುವವನಿಗೆ ಸುತ್ತ ಹತ್ತು ಹಳ್ಳಿಯಲ್ಲಿ ಮರ್ಯಾದೆ. ಭೂಕಂಪ ಅಭಿಮಾನಿ ಬಳಗದ ನಿಯಮ ಒಂದೇ: ಹಗ್ಗ ಹಿಡಿಯುವವನ ಮೈಮೇಲೆ ಹೋರಿಯ ಗುರುತಿರಬೇಕು, ಅವನನ್ನು ಹೋರಿಯ ಪಕ್ಕ ನಿಲ್ಲಿಸಿದರೆ ಆ ಗುರುತು ನೋಡಿ ಜನ "ಇದ ಹೋರಿ" ಎನ್ನಬೇಕು. ಅದಕ್ಕೆಂದೇ ಸಿದ್ದೇಶ ಹಲ್ಲು ಕಚ್ಚಿ ಸೂಜಿ ಚುಚ್ಚಿಸಿಕೊಂಡಿದ್ದ. ಅವನಿಗೆ ಪೈಪೋಟಿ ಎಂದರೆ ಅದೇ ಮೆಣಸಿನಕಾಯಿ ಅಂಗಡಿಯ ಗುಮಾಸ್ತ ಹೇಮಂತ. ಅವನ ಬಳಿ ಇದ್ದದ್ದು ಹೋರಿಯ ಫೋಟೋ ಅಚ್ಚು ಹಾಕಿಸಿದ ಒಂದು ಟೀ ಶರ್ಟು. ಒಗೆದರೆ ಬಣ್ಣ ಹೋಗುವ ಶರ್ಟಿಗೂ ರಕ್ತದಲ್ಲಿ ಬೆರೆತ ಹಚ್ಚೆಗೂ ಎಲ್ಲಿಯ ಸಾಟಿ ಎಂದು ಸಿದ್ದೇಶ ನಿಶ್ಚಿಂತನಾಗಿದ್ದ.

ಮಾವನ ಮೇಲೂ ಅವನಿಗೆ ಭರವಸೆಯಿತ್ತು. ತೂಕ ಇಳಿಸುವ ಭರದಲ್ಲಿ ನಾಲ್ಕು ತಿಂಗಳಿಂದ ಕರ್ಜಗಿ ಕಡೆ ಹೋಗಿರಲಿಲ್ಲ, ನಿಜ. ಆದರೆ ಮೂರು ತಿಂಗಳ ಹಿಂದೆ ಮಾವ ಫೋನಿನಲ್ಲಿ, "ಅಳಿಯಾ, ಮೈ ಭಾಳ ಭಾರ ಆಗೇತೋ. ನಾಲ್ಕು ಹೆಜ್ಜಿ ಓಡಿದ್ರ ದಮ್ಮು ಹತ್ತಾಕತ್ತೈತಿ," ಎಂದು ಗೋಳಾಡಿದಾಗ ಪರಿಹಾರ ಹೇಳಿದವನು ಇವನೇ.

"ರಾತ್ರಿ ತಿನ್ನೂದು ಅರ್ಧಾ ಆಗ್ಬೇಕು ಮಾವಾ. ಬೆಲ್ಲ ಪೂರಾ ಬಂದ್. ದಿನಾ ಮುಂಜಾನೆ ಐದು ಕಿಲೋಮೀಟರ್ ನಡ್ಯಾಕಬೇಕು. ನನ್ನ ನೋಡಿಲ್ಲೇನು?"

ಈಗ ಯೋಚಿಸುತ್ತ ಕೂರುವ ಹೊತ್ತಲ್ಲ. ಸಿದ್ದೇಶ ರಾಣೆಬೆನ್ನೂರಿನ ಬಸ್ಸು ಹತ್ತಿದ. ಪಕ್ಕದಲ್ಲಿ ಕೂತ ಮೇಡ್ಲೇರಿಯ ಮುದುಕನೊಬ್ಬ ಅವನ ರಟ್ಟೆಯನ್ನೇ ಬಹಳ ಹೊತ್ತು ನೋಡಿ ಮೆಲ್ಲಗೆ ಕೇಳಿದ. "ನಿಮ್ಮವು ಎಷ್ಟು ಆಡು ಅದಾವ್ರಿ? ಮರಿ ಮಾರಾವ್ರಿದ್ರ ಹೇಳ್ರಿ."

ಅಷ್ಟರಲ್ಲಿ ಹೇಮಂತನ ಫೋನು. ಉಚ್ಚಂಗೆವ್ವ ಕಟ್ಟೆಯ ಮೇಲಿಂದಲೇ ಫೋಟೋ ತೆಗೆದು ಓಣಿಗೆಲ್ಲ ಕಳಿಸಿದ್ದಳು. "ಸಿದ್ದೇಶಣ್ಣಾ, ಸಂಜಿಗೆ ಬರಬೇಕಾದ್ರ ನಿನ್ನ ಆಡಿಗೆ ಎರಡು ಹಿಡಿ ತೊಪ್ಪಲ ತರಲೇನು?"

ರಾಣೆಬೆನ್ನೂರಿನಲ್ಲಿ ಹಚ್ಚೆಯ ಅಂಗಡಿ ಇಟ್ಟಿದ್ದ ಖಲಂದರ ತನ್ನ ಹಳೆಯ ಕೆಲಸವನ್ನು ನೋಡಿ ನೊಂದುಕೊಂಡ. "ನಾ ಹಾಕಿದ್ದು ಹೋರಿರೀ. ಆಡು ಮಾಡಿದವರು ನೀವು."

"ಆತಪಾ, ತಪ್ಪು ನಂದ. ಸಂಜಿಯೊಳಗ ಮತ್ತ ಹೋರಿ ಮಾಡು."

"ತೊಗಲು ಇನ್ನೂ ಸಡಿಲ ಐತಿ. ಆರು ತಿಂಗಳು ತಡೀರಿ. ಒಂದು ಮಟ್ಟಕ್ಕ ಬಂದು ನಿಲ್ಲಲಿ."

"ಆರು ತಾಸೂ ಇಲ್ಲೋ ಮಾರಾಯಾ!"

ಖಲಂದರ ಫೋನಿನಲ್ಲಿದ್ದ ಭೂಕಂಪದ ಹಳೆಯ ಫೋಟೋವನ್ನು ಎದುರಿಗಿಟ್ಟುಕೊಂಡು, ತೊಗಲನ್ನು ಜಗ್ಗಿ ಹಿಡಿದು ಸೂಜಿ ಹಚ್ಚಿದ. ಸಿದ್ದೇಶ ಮೂರು ತಾಸು ಮೈಲಾರಲಿಂಗನ ಹೆಸರು ಹೇಳುತ್ತ ಕೂತ. ಎದ್ದು ಕನ್ನಡಿ ನೋಡಿದರೆ, ಆಹಾ! ಡುಬ್ಬ ಭುಜಕ್ಕೇರಿತ್ತು. ಕೊಂಬು ಆಕಾಶ ನೋಡುತ್ತಿತ್ತು. ಹೊಟ್ಟೆ ನಗಾರಿಯಂತೆ ದುಂಡಗಿತ್ತು. ಸಾಲದ್ದಕ್ಕೆ ರಟ್ಟೆ ಬಾತು ಹೋರಿ ಇನ್ನಷ್ಟು ಕೊಬ್ಬಿದಂತೆ ಕಾಣುತ್ತಿತ್ತು. ನೋವಿನಲ್ಲೂ ಸಿದ್ದೇಶನಿಗೆ ಹೆಮ್ಮೆ ಉಕ್ಕಿತು.

ಹಾವೇರಿಯಲ್ಲಿ ಬಸ್ಸು ಬದಲಿಸಿ ಕರ್ಜಗಿ ತಲುಪುವ ಹೊತ್ತಿಗೆ ಸರಿಯಾಗಿ ನಾಲ್ಕು. ನಾಗಲಕ್ಷ್ಮಿಯ ಜೊತೆ ಉಚ್ಚಂಗೆವ್ವನೂ ಬಂದು ಪೆಂಡಾಲಿನ ಮುಂದಿನ ಸಾಲಿನಲ್ಲೇ ಕೂತಿದ್ದಳು, ಕೈಯಲ್ಲಿ ಮಿರ್ಚಿ ಭಜಿಯ ತಟ್ಟೆ. ಸಿದ್ದೇಶ ತೋಳು ಮಡಚಿ ಎಲ್ಲರಿಗೂ ಕಾಣುವಂತೆ ನಿಂತ. ಜನ ಶಿಳ್ಳೆ ಹೊಡೆದರು. ಆಡು ನೋಡಿ ನಗಲು ಬಂದಿದ್ದ ಹೇಮಂತನ ಮುಖ ಸಪ್ಪಗಾಯಿತು. ಬಳಗದವರು ಕೊಟ್ಟ ಮಿರ್ಚಿಯನ್ನು ಸಿದ್ದೇಶ ಎಂಟು ತಿಂಗಳಲ್ಲಿ ಮೊದಲ ಸಲ ಕೈಗೆ ತೆಗೆದುಕೊಂಡ. ಇವತ್ತು ಒಂದು ತಿಂದರೆ ತಪ್ಪಿಲ್ಲ ಎನಿಸಿತು.

ಅಷ್ಟರಲ್ಲಿ ಹಲಗೆ ಬಾರಿಸಿದರು. ಮೈಲಪ್ಪ ಭೂಕಂಪವನ್ನು ಹಿಡಿದು ತಂದ.

ಸಿದ್ದೇಶ ಕಣ್ಣುಜ್ಜಿಕೊಂಡ. ಬಂದದ್ದು ಒಂದು ಬಳುಕುವ, ಚುರುಕಾದ, ಹೊಟ್ಟೆ ಬೆನ್ನಿಗೆ ಹತ್ತಿದ ಹೋರಿ. ಡುಬ್ಬ ಹೆಸರಿಗಷ್ಟೇ ಇತ್ತು.

"ಮಾವಾ, ಭೂಕಂಪಕ್ಕ ಏನಾತು?"

ಮೈಲಪ್ಪ ಎದೆಯುಬ್ಬಿಸಿ ಜನರ ಕಡೆ ತಿರುಗಿದ. "ಕೇಳ್ರಿ ಎಲ್ಲಾರೂ! ಮೂರು ತಿಂಗಳ ಹಿಂದ ಇದು ಓಡಿದ್ರ ದಮ್ಮು ಹತ್ತತಿತ್ತು. ಏನು ಮಾಡೂದಂತ ಅಳಿಯಗ ಫೋನ್ ಮಾಡಿದೆ. ರಾತ್ರಿ ಮೇವು ಅರ್ಧಾ, ಬೆಲ್ಲ ಬಂದ್, ಮುಂಜಾನೆ ಐದು ಕಿಲೋಮೀಟರ್ ಅಂದ. ಹಂಗ ಮಾಡಿದೆ. ಈಗ ಹಾರಿ ಹೊಂಟ್ರ ಗಾಳಿಗೂ ಸಿಗೂದಿಲ್ಲ! ನನ್ನ ಅಳಿಯ ಅಂದ್ರ ಬಂಗಾರ!"

ಜನ ಚಪ್ಪಾಳೆ ತಟ್ಟಿದರು. ಆಮೇಲೆ ಹೋರಿಯನ್ನು ನೋಡಿದರು, ಸಿದ್ದೇಶನ ರಟ್ಟೆಯನ್ನು ನೋಡಿದರು, ಮತ್ತೆ ಹೋರಿಯನ್ನು ನೋಡಿದರು.

"ರಟ್ಟಿ ಮ್ಯಾಲಿಂದು ಯಾರ ಮನಿ ಹೋರೀರಿ?" ಎಂದು ಒಬ್ಬ ಕೂಗಿದ.

"ಅಯ್ಯ, ಮುಂಜಾನೆ ಇದ್ದದ್ದು ಥೇಟ್ ಇದ ಹೋರಿ ಆಗಿತ್ತಲ್ಲೋ!" ಎಂದು ಉಚ್ಚಂಗೆವ್ವ ಫೋನು ತೆಗೆದು ಫೋಟೋ ತೋರಿಸಿದಳು. ಅಡಗಿದ ಡುಬ್ಬ, ಒಳಹೋದ ಹೊಟ್ಟೆ. ಯಾರೂ ಇಲ್ಲವೆನ್ನುವಂತಿರಲಿಲ್ಲ.

ಹೇಮಂತನ ಟೀ ಶರ್ಟಿನ ಫೋಟೋ ಹೋದ ವಾರದ್ದು. ಹಗ್ಗ ಅವನ ಕೈ ಸೇರಿತು. ಬಂಗಾರದಂಥ ಅಳಿಯನಿಗೆ ಮೈಲಪ್ಪ ಒಂದು ಶಾಲು ಹೊದಿಸಿದ. ಅದು ಬಾತ ರಟ್ಟೆಗೆ ತಾಕಿ ಸಿದ್ದೇಶನಿಗೆ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಅಳುತ್ತಿದ್ದಾನೆ ಎಂದು ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

ಸಿದ್ದೇಶ ಪೆಂಡಾಲಿನ ಹಿಂದೆ ಹೋಗಿ ಖಲಂದರನಿಗೆ ಫೋನು ಹಚ್ಚಿದ. "ತಮ್ಮಾ, ಮುಂದಿನ ವರ್ಷಕ್ಕಾದ್ರೂ ಇದನ್ನ ಸಣ್ಣ ಮಾಡಾಕ ಬರ್ತೈತೇನು?"

"ಹಾಕಿದ ಗೀಟು ತಗ್ಯಾಕ ನನಗ ಬರೂದಿಲ್ರಿ," ಎಂದ ಖಲಂದರ. "ಆದ್ರ ನೀವು ಇನ್ನೊಂದು ಹತ್ತು ಹನ್ನೆರಡು ಕೆಜಿ ಇಳೀರಿ. ತಾನ ಸಣ್ಣ ಆಗ್ತೈತಿ."

ಸಿದ್ದೇಶ ಫೋನು ಜೇಬಿಗಿಟ್ಟ. ಇನ್ನೂ ಕಚ್ಚಿರದ ಮಿರ್ಚಿಯನ್ನು ತಂದು ಉಚ್ಚಂಗೆವ್ವನ ತಟ್ಟೆಗೆ ಹಾಕಿದ.