ಇನ್ನಂಜೆಯಲ್ಲಿ ನನ್ನ ಬಾಯಿ

ನಾನು ಧೈರ್ಯವಂತನೋ ಪುಕ್ಕಲನೋ ಎಂದು ಯಾರಾದರೂ ಕೇಳಿದರೆ, ಯಾವ ಊರಿನಲ್ಲಿ ಎಂದು ನಾನು ತಿರುಗಿ ಕೇಳಬೇಕಾಗುತ್ತದೆ. ಬಜಗೋಳಿಯಲ್ಲಿ, ಅಂದರೆ ನನ್ನ ತಾಯಿಯ ಕುಟುಂಬದ ಮನೆಯಲ್ಲಿ, ನಾನು ಹುಲಿ. ಅಕ್ಕನ ಮಕ್ಕಳಿಗೆ ಸೋದರಮಾವ. ತಾಯಿಯ ಕಡೆಯಿಂದ ವಂಶ ನಡೆಯುವ ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ಸೋದರಮಾವ ಕೆಮ್ಮಿದರೂ ಅದೊಂದು ತೀರ್ಪು. ಬಾವಿಗೆ ಪಂಪು ಕೂರಿಸುವುದಿದ್ದರೂ ನಾನು "ಆಗಬಹುದು" ಎನ್ನಬೇಕು. ಅದೇ ನಾನು ಇನ್ನಂಜೆಯಲ್ಲಿ ಹೆಂಡತಿಯ ಮನೆಯ ಗೇಟು ದಾಟಿದರೆ ಬಾಯಿಗೆ ಬೀಗ.

ಮೊನ್ನೆ ನನ್ನ ಭಾವ, ಹೆಂಡತಿಯ ಅಣ್ಣ, ಕಾರಿನ ಶೆಡ್ಡಿಗೆಂದು ಹಿತ್ತಲಿನ ಕಾಟುಮಾವಿನ ಮರ ಕಡಿಸಲು ಹೊರಟಿದ್ದಾರೆಂದು ಸುದ್ದಿ ಬಂತು. ಅತ್ತೆ ಕೈಯಾರೆ ನೆಟ್ಟ ಮರ ಅದು. ಅವರು ತೀರಿಕೊಂಡ ಮೇಲೆ ನನ್ನ ಹೆಂಡತಿ ವಾರಿಜಾ ತವರಿಗೆ ಹೋದಾಗಲೆಲ್ಲ ಮೊದಲು ಅದರ ಬುಡಕ್ಕೆ ಹೋಗಿ ನಿಲ್ಲುತ್ತಾಳೆ. "ನಾನು ಹೇಳಿದರೆ ಜಗಳ ಆಗ್ತದೆ. ನೀವು ಹೋಗಿ ಕಡಿಯಬೇಡಿ ಅಂತ ಒಂದು ಮಾತು ಹೇಳಿ," ಎಂದು ಕಣ್ಣು ತುಂಬಿಕೊಂಡಳು.

ಹೋದೆ. ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಭಾಷಣದ ಅಭ್ಯಾಸ. ಅಲ್ಲಿ ಎಳನೀರು ಬಂತು, ನೀರುದೋಸೆ ಬಂತು, ಕೋಳಿಸಾರು ಬಂತು. ಮೂರನೆಯ ದೋಸೆಗೆ ಭಾವನವರೇ ಕೇಳಿದರು: "ಆ ಮರ ತೆಗೆಯುವುದು ಅಂತ ಉಂಟು. ನೀವು ಎಂತ ಹೇಳ್ತೀರಿ ಭಾವ?"

"ನಾನು ಎಂತ ಹೇಳುವುದು ಮಾರಾಯ್ರೆ, ನಿಮಗೆ ಸರಿ ಕಂಡ ಹಾಗೆ," ಎಂದುಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು!

ಆದರೆ ನಾನು ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ಟೆಕ್ನಿಷಿಯನ್. ನೆಪಕ್ಕೆ ಬರವಿಲ್ಲ. ನಾವು ಸಾಕುವ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಜೀವಕೋಶದ ಹಣೆಬರಹವೂ ನನ್ನಂಥದ್ದೇ. ಕೀವಾದ ಗಾಯಕ್ಕೆ ಹೋದರೆ ಅದು ಸಿಕ್ಕಿದ ರೋಗಾಣುವಿನ ಮೇಲೆಲ್ಲ ಮುಗಿಬೀಳುತ್ತದೆ. ಶ್ವಾಸಕೋಶದಲ್ಲಿ ಅದಕ್ಕೆ ಧೂಳು ತೆಗೆಯುವ ಚಾಕರಿ. ಕರುಳಿನಲ್ಲಾದರೋ, ಊಟದ ಜೊತೆ ಬಂದ ಬ್ಯಾಕ್ಟೀರಿಯಾಕ್ಕೆಲ್ಲ ರಂಪ ಮಾಡದೆ ತೆಪ್ಪಗಿರುತ್ತದೆ. ಒಂದು ಅಂಗಾಂಶದ್ದನ್ನು ತೆಗೆದು ಇನ್ನೊಂದರಲ್ಲಿಟ್ಟರೆ ಬಹುಮಟ್ಟಿಗೆ ಅಲ್ಲಿಯ ನಡತೆಯನ್ನೇ ಕಲಿಯುತ್ತದೆ.

ಅಲೆವೂರಿನ ನಮ್ಮ ಮನೆಗೆ ಬಂದವನು ವಾರಿಜಾಳಿಗೆ ಇದನ್ನೆಲ್ಲ ವಿವರಿಸಿದೆ. "ತಪ್ಪು ನನ್ನದಲ್ಲ. ಇನ್ನಂಜೆ ಎಂದರೆ ನನಗೆ ಕರುಳು."

ಅವಳು ಅಣ್ಣನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. "ಅಣ್ಣಾ, ಅದು ಅಮ್ಮನ ಮರ. ಅದಕ್ಕೆ ಕೊಡಲಿ ಬಿದ್ದರೆ ನಾನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ." ಹೇಳುತ್ತಲೇ ಅತ್ತುಬಿಟ್ಟಳು.

ಆ ಕಡೆಯಿಂದ ಭಾವನವರ ಸ್ವರ ಬಂತು: "ಅಳಬೇಡ ಮಾರಾಯ್ತಿ, ಶೆಡ್ಡು ಅಂಗಳದ ಬದಿಗೆ ಹಾಕ್ತೇನೆ. ಕಡಿಯಲಿಕ್ಕೆ ನನಗೂ ಮನಸ್ಸು ಬರಲಿಲ್ಲ. ಭಾವ ಬೇಡ ಅನ್ನಲಿ ಅಂತಲೇ ಅವರನ್ನು ಕೇಳಿದ್ದು. ಅವರು ದೋಸೆ ತಿಂದು ಹೋದರು."

ವಾರಿಜಾ ಫೋನ್ ಕೆಳಗಿಟ್ಟು, ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. "ಇನ್ನಂಜೆ ಕರುಳು, ಸರಿ. ಈ ಮನೆ ಎಂತ?"

ನಾನು ಸುತ್ತಲೂ ನೋಡಿದೆ. ಎರಡು ದಿನದಿಂದ ಯಾರೂ ಗುಡಿಸಿರಲಿಲ್ಲ. "ಶ್ವಾಸಕೋಶ," ಎಂದು ಹೇಳಿ, ಮೂಲೆಯಲ್ಲಿದ್ದ ಹಿಡಿಸೂಡಿ ಎತ್ತಿಕೊಂಡೆ.

ಬರುವ ಭಾನುವಾರ ಬಜಗೋಳಿಗೆ ಹೋಗಲಿಕ್ಕುಂಟು. ಅಲ್ಲಿ ಯಾರಾದರೂ ಮರ ಕಡಿಯುವ ಸುದ್ದಿ ಎತ್ತಲಿ, ನೋಡಿಕೊಳ್ಳುತ್ತೇನೆ.