ಜೋಳದ ಹೊಲದೊಳಗಿನ ಫೋಟೋಗ್ರಾಫರು

"ಇನ್ಮೇಲೆ ನಿಮ್ಮಪ್ಪನ ಮನೇಲಿ ಫೋಟೋ ಅಂತ ತೆಗುದ್ರೆ ಅದು ನನ್ನ ಕೈಯಿಂದ್ಲೇ ಆಗ್ಬೇಕು!"

ಕನಕರಾಜು ಹೀಗೆ ಘೋಷಿಸಿದಾಗ ಅವನ ಹೆಂಡತಿ ಸುಮ ಒಲೆಯ ಮುಂದೆ ನಿಂತು ಮುದ್ದೆ ತಿರುವುತ್ತಿದ್ದಳು. ಮುದ್ದೆ ತಿರುವುವ ಹೆಂಗಸಿನ ಮುಂದೆ ಯಾರೂ ಘೋಷಣೆ ಮಾಡಬಾರದು, ಅವಳ ಕೈಯಲ್ಲಿ ಕೋಲಿರುತ್ತದೆ. ಆದರೆ ಅವನಿಗೆ ಅವತ್ತು ಮೈಮೇಲೆ ಪ್ರಜ್ಞೆ ಇರಲಿಲ್ಲ.

"ಯಾವ ಕೈ? ಹೋದೊರ್ಸ ಫ್ಯಾನು ರಿಪೇರಿ ಮಾಡುದ್ರಲ್ಲ, ಅದೇ ಕೈಯಾ?" ಎಂದಳು ಸುಮ.

ಆ ಫ್ಯಾನು ಅಂದಿನಿಂದ ಗಾಳಿಯನ್ನು ಸೂರಿನ ಕಡೆಗೆ ಬೀಸುತ್ತಿದೆ. ಕನಕರಾಜು ಆ ಮಾತನ್ನು ಕೇಳಿಸಿಕೊಳ್ಳದವನಂತೆ ಮುಂದುವರಿದ.

ಪಾಂಡವಪುರದ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದ ಅವನು ಆರು ತಿಂಗಳಿಂದ ಮೊಬೈಲಿನಲ್ಲಿ ಕ್ಯಾಮೆರಾ ವಿಡಿಯೋಗಳನ್ನು ಅರೆದು ಕುಡಿದಿದ್ದ. ಊಟಕ್ಕೆ ಕೂತರೆ ಅಪರ್ಚರು, ಎದ್ದರೆ ಶಟರ್ ಸ್ಪೀಡು. ಈಗೆಲ್ಲ ಕನ್ನಡಿ ಇಲ್ಲದ ಹೊಸ ಕ್ಯಾಮೆರಾಗಳು ಬಂದಿರುವುದರಿಂದ ಹಳೇ ನಮೂನೆಯ ಡಿಎಸ್ಎಲ್ಆರ್ ಅಗ್ಗವಾಗಿದೆ ಎಂಬ ಪರಮ ರಹಸ್ಯವೂ ಅವನಿಗೆ ತಿಳಿದಿತ್ತು. ಬೇಕಾಗಿದ್ದದ್ದು ಒಂದು ನೆಪ. ಅದೂ ಒದಗಿ ಬಂತು. ಸುಮಳ ತವರು ಹೊಣಕೆರೆಯಲ್ಲಿ ಅವಳ ತಂಗಿ ಅನಿತಳ ಸೀಮಂತ ಗೊತ್ತಾಯಿತು.

ಇದು ಬರೀ ಸೀಮಂತವಾಗಿರಲಿಲ್ಲ. ಸುಮಳ ಅಪ್ಪ ಕರಿಯಯ್ಯನಿಗೆ ಆರು ಮಕ್ಕಳು. ಆರೂ ಜನರನ್ನು ಒಂದೇ ಫೋಟೋದಲ್ಲಿ ನೋಡಬೇಕೆಂಬುದು ಆ ಹಿರಿಯನ ಒಂದೇ ಒಂದು ಆಸೆ. ಅದು ಈಡೇರದಿರುವುದಕ್ಕೆ ಕಾರಣ ಒಂದು ತೆಂಗಿನಮರ. ಹಿರಿಮಗ ನಿಂಗರಾಜುವಿನ ಪಾಲಿನ ಬದುವಿನಲ್ಲಿ ಹುಟ್ಟಿ, ಎರಡನೆಯವನಾದ ಲೋಕೇಶನ ಪಾಲಿಗೆ ಕಾಯಿ ಉದುರಿಸುವ ಆ ಮರದಿಂದಾಗಿ ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೊಂದು ವರ್ಷ. ಒಬ್ಬ ಬರುವ ಕಾರ್ಯಕ್ಕೆ ಇನ್ನೊಬ್ಬ ಬರುತ್ತಿರಲಿಲ್ಲ. ಈ ಸಲ ಅನಿತ ಹೊಟ್ಟೆ ಹಿಡಿದುಕೊಂಡು ಇಬ್ಬರ ಮನೆಗೂ ಹೋಗಿ ಅತ್ತು ಬಂದಿದ್ದರಿಂದ ಇಬ್ಬರೂ ಒಪ್ಪಿದ್ದರು. ಆದರೆ ಮಾತಾಡುವುದಿಲ್ಲ, ಫೋಟೋಕ್ಕೆ ನಿಲ್ಲುತ್ತೇವೆ, ಅಷ್ಟೇ.

"ಅಂತಾ ಫೋಟೋನ ನಾಗಮಂಗಲದ ಸ್ಟುಡಿಯೋದವ್ನಿಗೆ ಬುಡದಾ? ನಾನ್ ಯಾಕಿರದು?" ಎಂದು ಕನಕರಾಜು ಮಾವನಿಗೆ ಫೋನು ಮಾಡಿ ಸ್ಟುಡಿಯೋದವನನ್ನು ಬೇಡವೆನ್ನಿಸಿಯೇಬಿಟ್ಟ.

ಸುಮ ಕೊನೆಗೆ ಒಂದು ಮಾತು ಹೇಳಿದಳು. "ಐವತ್ತು ಸಾವ್ರ. ಅದ್ರ ಮೇಲೆ ಒಂದ್ರುಪಾಯಿ ಕೇಳುದ್ರೆ ನಾನ್ ಅಲ್ಲೇ ಅಂಗ್ಡೀಲೇ ಕೂತ್ಕಬುಡ್ತೀನಿ!"

ಮೈಸೂರಿನ ಅಂಗಡಿಯಾತ ಒಳ್ಳೆಯವನು. ಮೊದಲ ಕ್ಯಾಮೆರಾ ಎಂದು ತಿಳಿದ ಕೂಡಲೇ ಒಂದು ಪುಟ್ಟ ಲೆನ್ಸನ್ನು ಮುಂದಿಟ್ಟ. "ಸಾರ್, ಇದು ಹದಿನೆಂಟರಿಂದ ಐವತ್ತೈದು. ಮನೆ, ಮಕ್ಕಳು, ಸಮಾರಂಭ ಎಲ್ಲಾ ಇದರಲ್ಲೇ ಆಗುತ್ತೆ. ಕೈ ಕೂತ ಮೇಲೆ ದೊಡ್ಡದು ನೋಡೋಣ."

ಕನಕರಾಜು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ಉಪ್ಪಿನ ಡಬ್ಬಿಯಷ್ಟಿತ್ತು. ಐವತ್ತು ಸಾವಿರ ಕೊಟ್ಟು ಉಪ್ಪಿನ ಡಬ್ಬಿ ತಂದನೆಂದರೆ ಹೊಣಕೆರೆಯಲ್ಲಿ ಮರ್ಯಾದೆ ಉಳಿಯುವುದುಂಟೆ? ಅಷ್ಟರಲ್ಲಿ ಗಾಜಿನ ಬೀರುವಿನೊಳಗೆ ಇನ್ನೊಂದು ಕಂಡಿತು. ಕಪ್ಪಗೆ, ಉದ್ದಕ್ಕೆ, ಗಂಭೀರವಾಗಿ ಕೂತಿತ್ತು. ಶ್ರೀರಂಗಪಟ್ಟಣದ ಹೊಳೆ ದಂಡೆಯಲ್ಲಿ ಹಕ್ಕಿಗಳ ಫೋಟೋ ತೆಗೆಯಲು ಬರುವ ದೊಡ್ಡಮನುಷ್ಯರ ಕೈಯಲ್ಲಿ ಅವನು ನೋಡಿದ್ದ ಅದೇ ಗತ್ತು!

"ಅದೆಷ್ಟು?"

"ಅದು ಎಪ್ಪತ್ತರಿಂದ ಮುನ್ನೂರು ಸಾರ್. ಆದರೆ ಅದು ದೂರದ್ದಕ್ಕೆ..."

ಕನಕರಾಜು ಮುಂದಿನದನ್ನು ಕೇಳಲಿಲ್ಲ. ಹದಿನೈದು ವರ್ಷ ಅಂಕಪಟ್ಟಿ ಬರೆದ ಗುಮಾಸ್ತನಿಗೆ ಅಂಕಿ ಹೇಳಿಕೊಡಬೇಕೆ? ಐವತ್ತೈದು ಎಂದರೆ ಸೆಕೆಂಡ್ ಕ್ಲಾಸು. ಇಲ್ಲಿ ಎಪ್ಪತ್ತರಿಂದಲೇ ಶುರು!

ಸುಮ ಮೊಣಕೈಯಿಂದ ತಿವಿದಳು. "ರೀ, ಅವ್ರು ಚಿಕ್ಕದು ತಗಳಿ ಅಂತಾವ್ರೆ."

"ಚಿಕ್ಕದ್ರಲ್ಲಿ ಆಗೋದೆಲ್ಲ ದೊಡ್ಡದ್ರಲ್ಲಿ ಆಗಲ್ವಾ? ದೊಡ್ಡ ಪಾತ್ರೇಲಿ ಪಾವಕ್ಕಿ ಅನ್ನ ಬೇಯ್ಸಕ್ಕಾಗಲ್ವಾ? ನೀನೇ ಹೇಳು!"

ಅಡಿಗೆಯ ಲೆಕ್ಕ ಕೇಳಿದ ಸುಮ ಪರ್ಸಿನ ಜಿಪ್ಪು ಎಳೆದಳು. ಕ್ಯಾಮೆರಾದ ಬಾಡಿ ಮತ್ತು ಆ ಉದ್ದನೆಯ ಲೆನ್ಸು ಸೇರಿ ಐವತ್ತು ಸಾವಿರ ಮುಗಿಯಿತು. ಬ್ಯಾಗನ್ನು ಅಂಗಡಿಯಾತ ಅಯ್ಯೋ ಪಾಪ ಎಂದು ಬಿಟ್ಟಿ ಕೊಟ್ಟ.

ಮರುದಿನವೇ ಕರಿಘಟ್ಟದ ಬೆಟ್ಟ ಹತ್ತಿ ಪರೀಕ್ಷೆ ನಡೆಯಿತು. ಅಬ್ಬಬ್ಬಾ! ಕೆಳಗೆ ಎಲ್ಲೋ ಹೊಳೆಯಲ್ಲಿ ಎಮ್ಮೆ ತೊಳೆಯುತ್ತಿದ್ದವನ ಬನಿಯನ್ನಿನ ತೂತು ಎಣಿಸಬಹುದಾಗಿತ್ತು.

"ನೋಡು! ಮೂರು ತೂತು!" ಎಂದು ಕನಕರಾಜು ಕುಣಿದ.

"ಪಕ್ದಲ್ ನಿಂತಿರೋ ನಂದೊಂದು ತೆಗೀರಿ ಮತ್ತೆ."

"ಇದು ಬೆಟ್ಟ. ಬೆಟ್ಟದ್ ಮ್ಯಾಲೆ ಬೆಟ್ಟುದ್ದು ತೆಗೀಬೇಕು, ಮನೇಲಿ ಮನೇದು" ಎಂದು ಅವನು ತಪ್ಪಿಸಿಕೊಂಡ. ಹಾಗೆ ತಪ್ಪಿಸಿಕೊಳ್ಳದೆ ಒಂದು ಸಲ ಅವಳ ಕಡೆ ತಿರುಗಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಸೀಮಂತದ ಬೆಳಿಗ್ಗೆ ಹೊಣಕೆರೆಯ ಮನೆಯಲ್ಲಿ ಕ್ಯಾಮೆರಾದ ಪುರಪ್ರವೇಶವಾಯಿತು. ಅತ್ತೆ ಪ್ರೇಮಮ್ಮನವರು ಆರತಿ ತಟ್ಟೆ ಹಿಡಿದು ಬಂದರು. ಹೊಸ ಸಾಮಾನು ಮನೆಗೆ ಬಂದರೆ, ಅದು ಟ್ರಾಕ್ಟರಾಗಲಿ ಗ್ರೈಂಡರಾಗಲಿ, ಪೂಜೆ ಆಗದೆ ಅವರು ಚಾಲೂ ಮಾಡಲು ಬಿಡುವವರಲ್ಲ.

"ಇದ್ಕೆ ಚಕ್ರ ಇಲ್ವಲ್ಲ, ನಿಂಬೆಹಣ್ಣು ಎಲ್ಲಿ ಮಡಗನೆ?" ಎಂದು ಮಗಳನ್ನು ಕೇಳಿದರು.

"ಅವ್ರ ಕಾಲ್ಕೆಳ್ಗೆ ಮಡಗವ್ವ, ಅವ್ರೇ ತಾನೆ ಓಡ್ಸದು" ಎಂದಳು ಸುಮ.

ಕನಕರಾಜು ಗತ್ತಿನಿಂದ ಲೆನ್ಸಿನ ಮುಚ್ಚಳ ತೆಗೆದು ತೋರಿಸಿದ್ದೇ ತಪ್ಪಾಯಿತು. ಅಗಲವಾದ ಗಾಜನ್ನು ನೋಡಿ ಅತ್ತೆಗೆ ಭಕ್ತಿ ಉಕ್ಕಿತು. ಒದ್ದೆ ಅರಿಶಿನ ಹಚ್ಚಿ, ಅದರ ನಟ್ಟನಡುವೆ ಕುಂಕುಮದ ಬೊಟ್ಟು ಇಟ್ಟೇಬಿಟ್ಟರು!

"ಅತ್ತೇ! ಅದು ಗಾಜು!"

"ಮತ್ತೆ? ಕಣ್ಣಿಗ್ ದೃಷ್ಟಿ ಆಗ್ಬಾರ್ದು ಅಲ್ವಾ ಅಳಿಮಯ್ಯ."

ಅತ್ತೆ ಇಟ್ಟ ಬೊಟ್ಟನ್ನು ಅವರೆದುರಿಗೇ ಅಳಿಸುವಂತಿಲ್ಲ. ಹಿತ್ತಿಲಿಗೆ ಹೋಗಿ ಟವೆಲಿನಿಂದ ಒರೆಸಿದ. ಬೊಟ್ಟು ಹೋಯಿತು, ಬಣ್ಣ ಇಡೀ ಗಾಜಿಗೆ ಹರಡಿತು.

ಒಳಗೆ ಬಂದವನೇ ಎರಡನೆಯ ಅಪ್ಪಣೆ ಹೊರಡಿಸಿದ. "ಯಾರೂ ಮೊಬೈಲ್ನಲ್ಲಿ ಫೋಟೋ ತೆಗಿಯಂಗಿಲ್ಲ! ಎಲ್ರೂ ನಂಗ್ ಅಡ್ಡ ಬರ್ತೀರಿ!" ತನ್ನದೊಂದನ್ನು ಬಿಟ್ಟು ಇದ್ದಬದ್ದ ಮೊಬೈಲುಗಳನ್ನೆಲ್ಲ ಒಂದು ಮೊರಕ್ಕೆ ಹಾಕಿಸಿ ಅಟ್ಟದ ಮೇಲೆ ಇಡಿಸಿದ. ಮನೆಯ ಅಳಿಯನ ಮಾತು, ಯಾರು ಇಲ್ಲವೆಂದಾರು?

ಪಡಸಾಲೆಯಲ್ಲಿ ಅನಿತಳನ್ನು ಕೂರಿಸಿ ಮುತ್ತೈದೆಯರು ಬಳೆ ತೊಡಿಸತೊಡಗಿದರು. ಕನಕರಾಜು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದ. ಮೂಗುಬೊಟ್ಟು ಕಂಡಿತು. ಬರೀ ಮೂಗುಬೊಟ್ಟು, ಅದೂ ಮಸುಕು ಮಸುಕು! ಗಾಬರಿಯಾಗಿ ಲೆನ್ಸು ತಿರುಗಿಸಿದ, ಮೂಗು ಬಂತು. ಒಂದು ಹೆಜ್ಜೆ ಹಿಂದೆ ಹೋದ, ಕೆನ್ನೆ ಬಂತು. ಇನ್ನೆರಡು ಹೆಜ್ಜೆ ಹೋಗುವಷ್ಟರಲ್ಲಿ ಬೆನ್ನಿಗೆ ಗೋಡೆ ಬಂತು. ಅನಿತ ಇನ್ನೂ ಪೂರ್ತಿ ಬಂದಿರಲಿಲ್ಲ.

ಪಡಸಾಲೆ ಬಿಟ್ಟು ಅಡಿಗೆಮನೆಯ ಬಾಗಿಲಿಗೆ ಸರಿದ. ಕೂಡಲೇ ಪ್ರೇಮಮ್ಮನವರು ಓಡಿ ಬಂದರು. "ಅಯ್ಯೋ, ಇದ್ಯಾಕ್ ಅಳಿಮಯ್ಯ ಹಿಂದಿಂದುಕ್ ಹೋಯ್ತೀರಿ? ನಾಚ್ಕಬ್ಯಾಡಿ, ಮುಂದುಕ್ ಬನ್ನಿ!" ಎಂದು ಕೈಹಿಡಿದು ಅನಿತಳ ಪಕ್ಕಕ್ಕೇ ತಂದು ನಿಲ್ಲಿಸಿದರು. ಅಳಿಯ ಮೂಲೆಯಲ್ಲಿ ನಿಂತರೆ ನೆಂಟರೆದುರು ಆ ಮನೆಯ ಮಾನ ಏನಾಗಬೇಕು? ಅವನು ಮೆಲ್ಲಗೆ ಹಿಂದೆ ಸರಿಯುವುದು, ಯಾರೋ ಒಬ್ಬರು ಮರ್ಯಾದೆಯಿಂದ ಮುಂದಕ್ಕೆ ಎಳೆದು ತರುವುದು. ಹೀಗೆ ಏಳು ಸಲ ಆಯಿತು. ಎಂಟನೆಯ ಸಲ ಕುರ್ಚಿ ಹಾಕಿ ಕೂರಿಸಿ ಕೈಗೆ ಕಜ್ಜಾಯ ಕೊಟ್ಟರು.

ಸುಮ ಬಂದು ಪುಟ್ಟ ಪರದೆಯಲ್ಲಿ ಫೋಟೋಗಳನ್ನು ನೋಡಿದಳು. ಅರ್ಧ ಕಿವಿ. ಮೂರು ಬಳೆ. ಯಾರದೋ ಗಲ್ಲ.

"ಇದ್ಯಾರ್ ಗಲ್ಲ?"

"ನಿಮ್ಮ್ ದೊಡ್ಡಮ್ಮುಂದಿರ್ಬೇಕು."

"ಪಾವಕ್ಕಿ ಬೇಯ್ತಾ ಪಾತ್ರೇಲಿ?" ಎಂದಷ್ಟೇ ಕೇಳಿ ಹೋದಳು.

ಸಂಜೆ ನಾಲ್ಕಕ್ಕೆ ಮುಖ್ಯವಾದ ಫೋಟೋ. ಐದು ಗಂಟೆಯ ಬಸ್ಸಿಗೆ ನಿಂಗರಾಜು ಹೊರಡುವವನಿದ್ದ. ಕರಿಯಯ್ಯ ಹೊಸ ಪಂಚೆಯುಟ್ಟು ಪೇಟ ಸುತ್ತಿ ಆಗಲೇ ಅಂಗಳದ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಪ್ರೇಮಮ್ಮ, ಹಿಂದೆ ಮಕ್ಕಳು, ಸೊಸೆಯರು, ಮೊಮ್ಮಕ್ಕಳು.

"ಚೆನ್ನಾಗ್ ತೆಗೀಪ್ಪ. ಇವ್ರು ಇನ್ನೊಂದ್ಸಲ ಒಟ್ಗೆ ನಿಂತಾರೋ ಇಲ್ವೋ" ಎಂದರು ಕರಿಯಯ್ಯ.

ನಿಂಗರಾಜು ಸಾಲಿನ ಈ ತುದಿ, ಲೋಕೇಶ ಆ ತುದಿ. ಒಬ್ಬ ಬಡಗಣಕ್ಕೆ ನೋಡಿದರೆ ಇನ್ನೊಬ್ಬ ತೆಂಕಣಕ್ಕೆ. ಇಬ್ಬರ ನಡುವೆ ಇಡೀ ಸಂಸಾರ ಬೇಲಿಯಂತೆ ಹರಡಿಕೊಂಡಿತ್ತು.

"ಭಾವ, ಒಸಿ ಹತ್ರ ಬನ್ನಿ. ಲೋಕೇಶ, ನೀನೂ ಬಾಪ್ಪ" ಎಂದು ಕನಕರಾಜು ಗೋಗರೆದ. ಇಬ್ಬರೂ ಅಲ್ಲಾಡಲಿಲ್ಲ. ಸರಿ, ಅವರು ಹತ್ತಿರ ಬರದಿದ್ದರೆ ಅವನೇ ದೂರ ಹೋಗಬೇಕು.

ಹೋದ. ಅಂಗಳದ ತುದಿಯಿಂದ ನೋಡಿದ, ಮಾವ ಮಾತ್ರ ಬಂದರು. ರಸ್ತೆಗಿಳಿದ, ಅತ್ತೆಯೂ ಬಂದರು. ರಸ್ತೆ ದಾಟಿದ, ನಡುವಿನ ನಾಲ್ವರು ಬಂದರು. ಆ ಕಡೆ ಆಳೆತ್ತರ ಬೆಳೆದ ಮುಸುಕಿನ ಜೋಳದ ಹೊಲ. ಸೂರ್ಯ ಫೋಟೋ ತೆಗೆಯುವವನ ಬೆನ್ನಿಗಿರಬೇಕು ಎಂದು ಎಲ್ಲ ವಿಡಿಯೋಗಳೂ ಹೇಳಿದ್ದವು. ಅದೊಂದು ಸರಿಯಾಗಿತ್ತು. ಕನಕರಾಜು ಹಿಂದಿಂದೆ ಹೆಜ್ಜೆಯಿಡುತ್ತ ಜೋಳದೊಳಗೆ ಇಳಿದ, ಗರಿಗಳು ಅವನ ಮೇಲೆ ಮುಚ್ಚಿಕೊಂಡವು.

ಆಗ ಗರಿಗಳ ಸಂದಿನಿಂದ ಇಬ್ಬರು ಭಾವಮೈದಂದಿರೂ ಲೆನ್ಸಿನೊಳಗೆ ಬಂದರು! ಆದರೆ ಅನಿತ ಹಿಂದಕ್ಕೆ ತಿರುಗಿಕೊಂಡಿದ್ದಳು. "ಈ ಕಡೀಕ್ ನೋಡಮ್ಮಾ!" ಎಂದು ಕೂಗಿದ. ಅಂಗಳದ ಸೌಂಡ್ ಬಾಕ್ಸು ಅವನ ದನಿಯನ್ನು ನುಂಗಿ ನೀರು ಕುಡಿಯಿತು. ಸುಮಳಿಗೆ ಫೋನು ಮಾಡಿದ. ರಿಂಗಾಯಿತು. ಅಟ್ಟದ ಮೇಲೆ, ಮೊರದೊಳಗೆ, ಹದಿನೆಂಟು ಮೊಬೈಲುಗಳ ನಡುವೆ ರಿಂಗಾಗುತ್ತಲೇ ಇತ್ತು. ಅಪ್ಪಣೆ ಯಾರದು? ಅವನದೇ!

ಅಲ್ಲಿ ಫೋಟೋಕ್ಕೆ ನಿಂತವರಿಗೆ ಎದುರು ಬಿಸಿಲು, ಎದುರು ಜೋಳ, ಫೋಟೋಗ್ರಾಫರು ಮಾತ್ರ ನಾಪತ್ತೆ. ಸಾಲಿನಲ್ಲಿ ಗುಜುಗುಜು ಎದ್ದಿತು. ಅನಿತಳೂ ಇತ್ತ ತಿರುಗಿದಳು, ಒಬ್ಬೊಬ್ಬರೇ ಹಣೆಗೆ ಕೈ ಅಡ್ಡ ಹಿಡಿದು ಹುಡುಕತೊಡಗಿದರು. ನಿಂಗರಾಜು ಗಡಿಯಾರ ನೋಡಿಕೊಂಡ. ಹೊರಟೇಹೋಗುತ್ತಾನೆ ಎಂದು ಕನಕರಾಜು ಬೆವರಿದ. ಹೌದು, ನಿಂಗರಾಜು ತನ್ನ ತುದಿ ಬಿಟ್ಟು ಹೊರಟೇಬಿಟ್ಟ! ಆದರೆ ಬಸ್ಸಿನ ಕಡೆಗಲ್ಲ. ಸಾಲಿನ ಹಿಂದಿನಿಂದ ದಾಟಿ ಲೋಕೇಶನ ಬಳಿಗೆ ಬಂದು ಏನೋ ಕೇಳಿದ. ಲೋಕೇಶ ಅಣ್ಣನ ಹೆಗಲ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯನ್ನು ಜೋಳದತ್ತ ಚಾಚಿ ತೋರಿಸಿದ.

ಕನಕರಾಜುವಿಗೆ ಕಣ್ಣು ಮಂಜಾಯಿತು. ಅದು ಕುಂಕುಮವೋ ನೀರೋ ಅವನಿಗೇ ತಿಳಿಯಲಿಲ್ಲ. ಬಟನ್ ಒತ್ತಿದ. ಅದೇ ಗಳಿಗೆಗೆ ಕಾಲು ಜಾರಿ ನೀರು ಬಿಟ್ಟಿದ್ದ ಕಾಲುವೆಯಲ್ಲಿ ಕೂತ. ಸೊಂಟದವರೆಗೆ ಕೆಸರು, ಕ್ಯಾಮೆರಾ ಮಾತ್ರ ತಲೆಯ ಮೇಲೆ ಎರಡೂ ಕೈಯಲ್ಲಿ ಭದ್ರವಾಗಿತ್ತು.

ಹಿತ್ತಿಲಲ್ಲಿ ಅವನ ಮೇಲೆ ಬಿಂದಿಗೆ ಸುರಿಯುತ್ತ ಸುಮ ಹೇಳಿದಳು. "ದೊಡ್ಡಣ್ಣ ಏನ್ ಅಂದ ಗೊತ್ತಾ? 'ಲೋಕಿ, ನನ್ ಕಣ್ಗೆ ಕಾಣಾಕಿಲ್ಲ ಕಣ್ಲಾ, ನಿಂಗೇನಾರ ಕಾಣ್ತಾನಾ ಅವ್ನು?' ಅಂದ. 'ಅಗಾ ಕಣಣ್ಣ, ಅಲ್ಲಿ ಜೋಳ ಅಲ್ಲಾಡ್ತಾ ಅದೆ' ಅಂದ ಲೋಕಿ. ಹನ್ನೊಂದು ವರ್ಷ ಆಗಿತ್ತು ಕಣ್ರೀ." ಹೇಳುತ್ತ ಹೇಳುತ್ತ ಅತ್ತಳು. ಮರುಗಳಿಗೆಗೇ, "ಹೊಸಾ ಪ್ಯಾಂಟು ಬ್ಯಾರೆ!" ಎಂದು ತಲೆಗೆ ಮೊಟಕಿದಳು. ನಿಂಗರಾಜು ಅವತ್ತು ಬಸ್ಸು ತಪ್ಪಿಸಿಕೊಂಡ. ರಾತ್ರಿಯೂಟ ಲೋಕೇಶನ ಮನೆಯಲ್ಲಾಯಿತು.

ನಲವತ್ತಮೂರು ಫೋಟೋಗಳಲ್ಲಿ ಮನುಷ್ಯರು ಪೂರ್ತಿ ಕಂಡದ್ದು ಅದೊಂದರಲ್ಲೇ. ಕರಿಯಯ್ಯ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಪಡಸಾಲೆಯ ಬಾಗಿಲ ಮೇಲೆಯೇ ತೂಗುಹಾಕಿದರು. ಎಲ್ಲರ ಮೇಲೂ ಕೆಂಪಗೆ ಅರಿಶಿನ ಕುಂಕುಮದ ಮಬ್ಬು. ಇಪ್ಪತ್ತಮೂರು ಜನ, ಅವರಲ್ಲಿ ಇಪ್ಪತ್ತು ಜನ ಹಣೆಗೆ ಕೈ ಅಡ್ಡ ಹಿಡಿದು ದೂರಕ್ಕೆ ಕಣ್ಣು ನೆಟ್ಟಿದ್ದಾರೆ.

ಅನಿತಳ ಬಾಣಂತನಕ್ಕೆ ಹೋದಾಗ ಕನಕರಾಜು ಅದೇ ಪಡಸಾಲೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದ. ಸಿಂಧಘಟ್ಟದಿಂದ ಮಗು ನೋಡಲು ಬಂದ ನೆಂಟರೊಬ್ಬರು ಫೋಟೋ ಕೆಳಗೆ ನಿಂತು ಕೇಳಿದರು. "ಏನ್ ಕರಿಯಯ್ಯ, ಮನೆಮಂದಿ ಎಲ್ಲಾ ಏನ್ ನೋಡ್ತಾವ್ರೆ ಅಂಗೆ? ಆನೆ ಗೀನೆ ಬಂದಿತ್ತಾ?"

ಕರಿಯಯ್ಯ ಎಲೆಯಡಿಕೆಯನ್ನು ದವಡೆಯ ಆ ಕಡೆಗೆ ಸರಿಸಿಕೊಂಡರು.

"ಆನೆ ಅಲ್ಲ ಕಣಪ್ಪ, ನಮ್ಮ್ ಅಳಿಮಯ್ಯನ್ನ ಹುಡುಕ್ತಾವ್ರೆ. ಐವತ್ತು ಸಾವ್ರುದ್ ಕ್ಯಾಮ್ರ ತಗಂಡು ಜೋಳದೊಳುಕ್ ಹೋದೋರು, ಫೋಟೋದಲ್ಲಿ ಇನ್ನೂ ಸಿಕ್ಕಿಲ್ಲ!"